ಉಜ್ಜಬೇಕೋ, ಹಾಗೇ ಇಡಬೇಕೋ?

ಮಕ್ಕಳೇ, ರಜೆ ಮುಗಿಯುವ ಹೊತ್ತಿಗೆ ನಮ್ಮ ಮಂಡ್ಯ ಕಡೆಯ ಹುಡುಗರ ಜೇಬಿನ ತುಂಬ ಕಲ್ಲು. ಅವನ್ನು ನನ್ನ ಮುಂದೆ ಸುರಿದು, "ತಾತ, ಇದನ್ನ ಉಜ್ಜಿ ಮಿರಮಿರ ಮಾಡ್ಕೊಡು" ಅನ್ನುತ್ತಾರೆ. "ಮೊದಲು ಉಗುರಲ್ಲಿ ಕೆರೆದು ನೋಡು ಮಗ" ಅನ್ನುತ್ತೇನೆ ನಾನು.

ಯಾವ ಕಲ್ಲು ಯಾವುದನ್ನು ಗೀರುತ್ತದೆ ಎಂದು ನೋಡಿ, 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಸ್ ಎಂಬ ವಿಜ್ಞಾನಿ ಖನಿಜಗಳಿಗೆ 1ರಿಂದ 10ರವರೆಗೆ ಅಂಕ ಕೊಟ್ಟರು. ಬಳಪದ ಕಲ್ಲಿನಲ್ಲಿರುವ ಟಾಲ್ಕ್‌ಗೆ 1, ವಜ್ರಕ್ಕೆ 10. ನಮ್ಮ ಉಗುರು ಸುಮಾರು ಎರಡೂವರೆ. ಬೆಣಚುಕಲ್ಲು 7. ಉಗುರಿಗೆ ಗೀರು ಬಿದ್ದರೆ ಅದು ಮೆತ್ತನೆಯ ಕಲ್ಲು.

ಮದ್ದೂರಿನ ಶಿಂಷಾ ಹೊಳೆಯಲ್ಲಿ ನುಣುಪಾದ ಬೆಣಚುಕಲ್ಲು ಕಂಡಿದ್ದೀರಲ್ಲ? ಅದನ್ನು ಉಜ್ಜಿದ್ದು ನೀರು ಮತ್ತು ಮರಳು. ಮೆತ್ತನೆಯ ಕಲ್ಲು ಅಷ್ಟು ದೂರ ಉರುಳಿದರೆ ಸವೆದು ಪುಡಿಯಾಗುತ್ತದೆ. ಗಟ್ಟಿ ಕಲ್ಲನ್ನು ನೀವು ಧಾರಾಳವಾಗಿ ಉಜ್ಜಬಹುದು. ಆದರೆ ನೀರು ಹಾಕಿಕೊಂಡು ಉಜ್ಜಿ. ಒಣ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಡುಕು.

ಕಾಗೆಬಂಗಾರದ ಮಾತೇ ಬೇರೆ. ಅದರ ಚಂದವೆಲ್ಲ ಪುಸ್ತಕದ ಹಾಳೆಗಳಂಥ ಪದರಗಳಲ್ಲಿದೆ. ಉಜ್ಜಿದರೆ ಪದರ ಎದ್ದು ಹೋಗುತ್ತದೆ, ಕೊನೆಗೆ ಕೈಯಲ್ಲಿ ಮಿನುಗುವ ಪುಡಿ ಮಾತ್ರ. ಸುಣ್ಣಕಲ್ಲಿನ ಮೇಲೆ ನಿಂಬೆರಸ ಬಿದ್ದರೆ ಗುಳ್ಳೆ ಏಳುತ್ತದೆ, ಅಂದರೆ ಕಲ್ಲು ಕರಗುತ್ತಿದೆ ಎಂದರ್ಥ. ಅಜ್ಜಿಯರೇ, ಹಿತ್ತಾಳೆ ಬಿಂದಿಗೆ ಬೆಳಗುವ ಹುಣಸೆಹಣ್ಣನ್ನು ಮೊಮ್ಮಕ್ಕಳ ಕಲ್ಲಿಗೆ ಹಚ್ಚಬೇಡಿ!

"ಹಾಗಾದ್ರೆ ದೇವಸ್ಥಾನದ ಕಂಬ ಹೊಳೆಯುತ್ತಲ್ಲ, ಅದೂ ಬಳಪದ ಕಲ್ಲೇ ಅಲ್ವಾ?" ಎಂದು ನೀವು ಕೇಳಬಹುದು. ಹೌದು. ಬಸರಾಳಿನ ಮಲ್ಲಿಕಾರ್ಜುನ ಗುಡಿ 1234ರದು, ಸೋಮನಾಥಪುರದ್ದು 1258ರದು. ಕಲ್ಲು ಮೆತ್ತಗಿದ್ದುದರಿಂದಲೇ ಹೊಯ್ಸಳರ ಶಿಲ್ಪಿಗಳಿಗೆ ಕಂಬವನ್ನು ತಿರುಗಿಸಿ ಕಡೆಯಲು, ಮೂರ್ತಿಯ ಕೊರಳಿನ ಸರದ ಮಣಿಗಳನ್ನು ಒಂದೊಂದಾಗಿ ಬಿಡಿಸಲು ಆಯಿತು. ಮೆತ್ತನೆಯ ಕಲ್ಲಿಗೂ ಹೊಳಪು ಬರುತ್ತದೆ, ಆದರೆ ಅದನ್ನು ಕಾಪಾಡುವುದು ಕಷ್ಟ. ಮನೆಯ ಧೂಳಿನಲ್ಲೂ ಬೆಣಚಿನ ಕಣಗಳಿರುತ್ತವೆ. ಒಣ ಬಟ್ಟೆಯಲ್ಲಿ ಒರೆಸಿದಷ್ಟೂ ಗೀರು. ಏಳೆಂಟು ನೂರು ವರ್ಷ ಉಳಿದ ಶಿಲ್ಪದ ಮೇಲೆ ಮೊಳೆಯಿಂದ ಹೆಸರು ಕೆತ್ತಲು ಒಂದು ನಿಮಿಷ ಸಾಕು, ಅಳಿಸಲು ಯಾರಿಂದಲೂ ಆಗದು. ಅಂಥ ಜಾಗದಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿ. ಅಲ್ಲಿಂದ ಚೂರು ಕಲ್ಲನ್ನೂ ತರಬೇಡಿ.

ಶಿಲ್ಪಿಗೆ ಬೇಕಾದದ್ದು ಕಲ್ಲಿನೊಳಗಿನ ಮೂರ್ತಿ. ಸಂಗ್ರಹ ಮಾಡುವವರಿಗೆ ಬೇಕಾದದ್ದು ಕಲ್ಲು ಹುಟ್ಟಿದ ಬಗೆ. ಅದರ ಮೂಲೆ, ಪದರ, ಅಂಟಿಕೊಂಡ ಪಕ್ಕದ ಕಲ್ಲು ಎಲ್ಲವೂ ಆ ಕಥೆಯನ್ನು ಹೇಳುತ್ತವೆ. ಉಜ್ಜಿದ ಮೇಲೆ ಅದು ಮತ್ತೆ ಬರುವುದಿಲ್ಲ.

ಅದಕ್ಕೇ ನನ್ನ ಲೆಕ್ಕ ಇಷ್ಟು. ಒಂದೇ ಥರದ ಎರಡು ಕಲ್ಲಿದ್ದರೆ ಒಂದನ್ನು ಉಜ್ಜಿ ನೋಡಿ, ಇನ್ನೊಂದನ್ನು ಹಾಗೇ ಇಡಿ. ಒಂದೇ ಇದ್ದರೆ ಮುಟ್ಟಬೇಡಿ. ಖಾಲಿ ಬೆಂಕಿಪೊಟ್ಟಣಕ್ಕೆ ಹತ್ತಿ ಹಾಸಿ, ಕಲ್ಲು ಮಲಗಿಸಿ. ಧೂಳು ಕೂತರೆ ಚಿತ್ರ ಬರೆಯುವ ಮೆತ್ತನೆಯ ಕುಂಚ ಸಾಕು. ಸಿಕ್ಕಿದ ಊರು, ಜಾಗ, ತಾರೀಕು ಬರೆದ ಚೀಟಿಯನ್ನು ಜೊತೆಗಿಡಿ. ಬರೆಯುವಾಗ ತಾತನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ, ಆ ಹೊಲದ ಹಳೆಯ ಹೆಸರು ಅವರಿಗೇ ಗೊತ್ತಿರುವುದು.