ಕಂಠ ನೋಡಿ ಆರಿಸಿ, ಲೆಕ್ಕ ತೆರೆದು ತೋರಿಸಿ
ವಿದ್ಯಾರ್ಥಿ ಸಂಗೀತ ತಂಡಗಳ ವಿದೇಶ ಪ್ರವಾಸ ಕುರಿತ ಹಕ್ಕೊತ್ತಾಯ ಪತ್ರ

ಗೆ,
ಕಾಲೇಜುಗಳ ಆಡಳಿತ ಮಂಡಳಿಗಳು ಮತ್ತು ಪ್ರಾಂಶುಪಾಲರು,
ವಿಶ್ವವಿದ್ಯಾಲಯಗಳ ಕುಲಸಚಿವರು,
ಕಾಲೇಜು ಶಿಕ್ಷಣ ಇಲಾಖೆ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳು.

ಮಾನ್ಯರೇ,

ಕರ್ನಾಟಕದ ಕಾಲೇಜುಗಳ ಸಂಗೀತ ಮತ್ತು ಜನಪದ ತಂಡಗಳಿಗೆ ಹೊರದೇಶದ ವೇದಿಕೆ ಈಗ ದೂರದ ಮಾತಲ್ಲ. ಸಿಂಗಪುರ, ಬಹರೇನ್, ಲಂಡನ್ ಕನ್ನಡಿಗರ ಸಂಘಗಳಿವೆ, ಅಮೆರಿಕದಲ್ಲಿ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನವಿದೆ. ವೇಲ್ಸ್‌ನ ಲ್ಯಾಂಗೊಲೆನ್ ಸಂಗೀತೋತ್ಸವವೂ ಎಡಿನ್‌ಬರೋದ ಫ್ರಿಂಜ್ ಉತ್ಸವವೂ 1947ರಲ್ಲೇ ಆರಂಭವಾಗಿ, ಹೊರನಾಡಿನ ಕಲಾವಿದರಿಗೂ ಬಾಗಿಲು ತೆರೆದಿವೆ. ನಮ್ಮ ಮಕ್ಕಳು ಅಲ್ಲಿಗೆ ಹೋಗಲಿ, ಹೋಗಿ ಹಾಡಲಿ ಎಂಬುದೇ ನಮ್ಮ ಆಸೆ.

ಆದರೆ ಪ್ರವಾಸದ ಯೋಜನೆ ನಡೆಯುವ ರೀತಿ ಸರಿಯಿಲ್ಲ. ಯಾವ ದೇಶ, ಯಾವ ವೇದಿಕೆ, ತಲೆಗೆಷ್ಟು ಹಣ, ಜೊತೆಗೆ ಯಾರು ಎಂಬುದೆಲ್ಲ ಮುಚ್ಚಿದ ಕೋಣೆಯಲ್ಲಿ ತೀರ್ಮಾನವಾಗಿ, ಹಾಡುವವರಿಗೆ ಕೊನೆಗೆ ತಿಳಿಯುತ್ತದೆ. ತಡವಾಗಿ ತಿಳಿಯುವುದರಿಂದ ಪ್ರಶ್ನೆ ಕೇಳಲು ಸಮಯವೇ ಇರುವುದಿಲ್ಲ. ಹಣ ಹೊಂದಿಸಲಾಗದ ಒಳ್ಳೆಯ ಹಾಡುಗಾರ ಹಿಂದೆ ಉಳಿಯುತ್ತಾನೆ, ಹೊಂದಿಸಿದವರ ಸಾಲ ಹಲವು ವರ್ಷ ಉಳಿಯುತ್ತದೆ. ಎಲ್ಲವೂ ಬರಹದಲ್ಲಿರಲಿ, ಸಕಾಲಕ್ಕೆ ತಿಳಿಯಲಿ ಎಂಬುದು ನಮ್ಮ ಮೂಲ ಬೇಡಿಕೆ. ಅದನ್ನು ಹನ್ನೊಂದು ಹಕ್ಕೊತ್ತಾಯಗಳಾಗಿ ಕೆಳಗೆ ಬಿಡಿಸಿಟ್ಟಿದ್ದೇವೆ.

1. ಆಹ್ವಾನ ಯಾರದೆಂದು ಮೊದಲು ಹೇಳಿ

ಹೊರಗಿನ ಕರೆಗಳೆಲ್ಲ ಒಂದೇ ಬಗೆಯವಲ್ಲ. 1970ರಿಂದ ಇರುವ ಸಿಯೋಫ್ ಎಂಬ ಅಂತರರಾಷ್ಟ್ರೀಯ ಜನಪದ ಉತ್ಸವ ಮಂಡಳಿಯ ಉತ್ಸವಗಳಲ್ಲಿ ಸಾಮಾನ್ಯವಾಗಿ ಪ್ರಯಾಣ ತಂಡದ್ದು, ಊಟ-ವಸತಿ ಕರೆದವರದು. ಕನ್ನಡ ಸಂಘಗಳು ಕರೆದಾಗ ಎಷ್ಟೋ ಸಲ ಸದಸ್ಯರ ಮನೆಗಳಲ್ಲೇ ವಸತಿ. ಇನ್ನೊಂದು ಬಗೆಯೂ ಇದೆ: ಪ್ರವಾಸ ಸಂಸ್ಥೆಯೇ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ತಂಡಗಳಿಂದ ಶುಲ್ಕ ಪಡೆದು, ಬಂದವರಿಗೆಲ್ಲ ಪ್ರಮಾಣಪತ್ರ ಹಂಚುವುದು. ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಕೂಡ ಬಾಡಿಗೆಗೆ ಸಿಗುತ್ತದೆ. ಅಲ್ಲಿ ಹಾಡಿದ ಮಾತ್ರಕ್ಕೆ ಆ ಸಂಸ್ಥೆಯೇ ಕರೆಸಿಕೊಂಡಿತು ಎಂದಾಗುವುದಿಲ್ಲ. ಶುಲ್ಕ ಕೊಟ್ಟು ಹಾಡುವುದು ತಪ್ಪಲ್ಲ. ಅದನ್ನು ಗೌರವದ ಆಹ್ವಾನವೆಂದು ನಂಬಿಸಿ ಹಣ ಕಟ್ಟಿಸಿಕೊಳ್ಳುವುದು ತಪ್ಪು.

(ಅ) ಆಹ್ವಾನ ಪತ್ರದ ಪ್ರತಿಯನ್ನು ಸೂಚನಾ ಫಲಕದಲ್ಲಿ ಹಾಕಬೇಕು.
(ಆ) ಕರೆದವರು ಏನೇನು ಭರಿಸುತ್ತಾರೆ, ವೇದಿಕೆಯಲ್ಲಿ ಎಷ್ಟು ನಿಮಿಷ, ಕೇಳುಗರು ಯಾರು ಎಂಬುದನ್ನು ಬರೆದು ಕೊಡಬೇಕು. ಭಾಗವಹಿಸಿದ ಇತರ ತಂಡಗಳಷ್ಟೇ ಕೇಳುಗರಾಗಿದ್ದರೆ ಅದನ್ನೂ ಹೇಳಬೇಕು.

2. ಒಂದು ವರ್ಷ ಮೊದಲೇ ಕಾಲಪಟ್ಟಿ ಪ್ರಕಟಿಸಿ

ಯೂರೋಪಿನ ಬಹುತೇಕ ದೇಶಗಳಿಗೆ ಬೇಕಾದ ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕಡೆಯ ಗಡುವು 15 ದಿನ ಮುಂಚೆ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಿದ್ದರೆ 45 ದಿನ. ಅಲ್ಲಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವ ಎಷ್ಟೋ ವಿದ್ಯಾರ್ಥಿಗಳ ಬಳಿ ಪಾಸ್‌ಪೋರ್ಟೇ ಇರುವುದಿಲ್ಲ. ಊರಿನ ವಿಳಾಸವೋ ಹಾಸ್ಟೆಲಿನದೋ ಎಂಬ ಗೊಂದಲದಲ್ಲಿ ಪೊಲೀಸ್ ಪರಿಶೀಲನೆ ನಿಂತುಬಿಡುತ್ತದೆ.

(ಅ) ದೇಶ ಮತ್ತು ವೇದಿಕೆ ಹನ್ನೆರಡು ತಿಂಗಳು ಮೊದಲು, ತಂಡದ ಆಯ್ಕೆ ಒಂಬತ್ತು ತಿಂಗಳು ಮೊದಲು ಮುಗಿಯಬೇಕು. ವೀಸಾ ಅರ್ಜಿ ಹಾಕಲು ಅವಕಾಶ ತೆರೆದ ಕೂಡಲೇ ಹಾಕಬೇಕು.
(ಆ) ಪಾಸ್‌ಪೋರ್ಟ್ ಇಲ್ಲದವರಿಗೆ ಕಾಲೇಜಿನಲ್ಲೇ ಒಬ್ಬ ಸಿಬ್ಬಂದಿಯನ್ನು ನೇಮಿಸಿ ಅರ್ಜಿ ತುಂಬಿಸಬೇಕು. 18 ತುಂಬದವರ ಅರ್ಜಿಗೆ ತಂದೆ-ತಾಯಿಯ ಘೋಷಣೆಯೂ ಬೇಕಾದ್ದರಿಂದ ಪೋಷಕರಿಗೆ ಕನ್ನಡದಲ್ಲಿ ಮಾಹಿತಿ ಕೊಡಬೇಕು.

3. ಕಂಠ ನೋಡಿ ಆರಿಸಿ, ಕಿಸೆ ನೋಡಬೇಡಿ

(ಅ) ಆಯ್ಕೆಗೆ ಹೊರಗಿನ ಇಬ್ಬರು ವಿದ್ವಾಂಸರಾದರೂ ಇರಬೇಕು. ಮೊದಲ ಸುತ್ತು ಪರದೆಯ ಹಿಂದಿನಿಂದ, ಹೆಸರಿಲ್ಲದೆ, ಸಂಖ್ಯೆಯ ಮೇಲೆ ನಡೆಯಬೇಕು.
(ಆ) ಹಣ ಕಟ್ಟುವ ಶಕ್ತಿಯ ಪ್ರಶ್ನೆ ಆಯ್ಕೆ ಮುಗಿದ ಮೇಲೆ ಮಾತ್ರ ಬರಬೇಕು.
(ಇ) ಪಕ್ಕವಾದ್ಯಕ್ಕೆ ವಿದ್ಯಾರ್ಥಿಗಳೇ ಮೊದಲು. ವೃತ್ತಿ ಕಲಾವಿದರು ಬೇಕೇಬೇಕಾದರೆ ಅವರ ಸಂಭಾವನೆಯನ್ನು ಸಂಸ್ಥೆ ಭರಿಸಬೇಕು, ವಿದ್ಯಾರ್ಥಿಗಳ ಶುಲ್ಕದಿಂದ ಕೊಡಬಾರದು.
(ಈ) ಡೊಳ್ಳು, ತತ್ವಪದ, ಸೋಬಾನೆ ಕಲಿತ ವಿದ್ಯಾರ್ಥಿಗಳನ್ನು ಮೆರವಣಿಗೆಯ ಅಲಂಕಾರಕ್ಕೆ ಕರೆದೊಯ್ದು, ಸಭಾಂಗಣದ ವೇದಿಕೆಯನ್ನು ಶಾಸ್ತ್ರೀಯ ಗಾಯನಕ್ಕೆ ಮೀಸಲಿಡುವ ಪಂಕ್ತಿಭೇದ ನಿಲ್ಲಬೇಕು.

4. ಹಣದ ಪ್ರತಿ ರೂಪಾಯಿಗೂ ತಲೆಬರಹವಿರಲಿ

‘ಪ್ಯಾಕೇಜು ಇಷ್ಟು ಲಕ್ಷ’ ಎಂಬ ಒಂದೇ ಸಾಲಿನ ಚೀಟಿ ನಮಗೆ ಬೇಡ.

(ಅ) ವಿಮಾನ, ವೀಸಾ, ವಿಮೆ, ವಸತಿ, ಊಟ, ಒಳನಾಡ ಬಸ್ಸು, ವಾದ್ಯ ಸಾಗಣೆ, ಉತ್ಸವ ಶುಲ್ಕ, ತೆರಿಗೆ ಪ್ರತ್ಯೇಕವಾಗಿ ಕಾಣಬೇಕು. ಮೂರು ಸಂಸ್ಥೆಗಳಿಂದಲಾದರೂ ದರಪಟ್ಟಿ ತರಿಸಿ ಪೋಷಕರ ಮುಂದಿಡಬೇಕು.
(ಆ) ಗುಂಪಿನಲ್ಲಿ ಇಷ್ಟು ಮಂದಿಗೆ ಒಂದು ಸೀಟು ಉಚಿತ ಎಂದು ಪ್ರವಾಸ ಸಂಸ್ಥೆಗಳು ಕೊಡುವುದುಂಟು. ಆ ಸೀಟು ಈಗ ಯಾರಿಗೆ ಹೋಗುತ್ತಿದೆ ಎಂಬುದು ಗುಟ್ಟು. ಅದರ ಬೆಲೆ ಬಡ ವಿದ್ಯಾರ್ಥಿಗಳ ಶುಲ್ಕದಲ್ಲಿ ಕಳೆಯಬೇಕು.
(ಇ) ವಿದೇಶ ಪ್ರವಾಸ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂಬ ತೆರಿಗೆ ಮೂಲದಲ್ಲೇ ವಸೂಲಾಗುತ್ತದೆ. ಇದನ್ನು ಪಾವತಿದಾರರು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಮರಳಿ ಪಡೆಯಲೂಬಹುದು. ಕಾಲೇಜು ಒಟ್ಟಾಗಿ ತನ್ನ ಹೆಸರಲ್ಲಿ ಕಟ್ಟಿದರೆ ಆ ಲಾಭ ಪೋಷಕರಿಗೆ ಸಿಗುವುದಿಲ್ಲ. ಆದ್ದರಿಂದ ಪಾವತಿ ಆಯಾ ಪೋಷಕರ ಪ್ಯಾನ್ ಮೇಲೆ ನಡೆಯಬೇಕು.
(ಈ) ಕಂತುಗಳಲ್ಲಿ ಕಟ್ಟಲು ಅವಕಾಶವಿರಬೇಕು. ವೀಸಾ ತಿರಸ್ಕೃತವಾದರೆ, ಕಾಯಿಲೆ ಬಂದರೆ, ಪ್ರವಾಸವೇ ರದ್ದಾದರೆ ಎಷ್ಟು ವಾಪಸು ಎಂಬುದು ಮೊದಲ ಕಂತಿಗೆ ಮುಂಚೆಯೇ ಬರಹದಲ್ಲಿರಬೇಕು.

5. ಸರಿಯಾದ ವೀಸಾ, ಸರಿಯಾದ ಪಟ್ಟಿ

ಸಾಂಸ್ಕೃತಿಕ ತಂಡದ ನೆಪದಲ್ಲಿ ಜನರನ್ನು ವಿದೇಶಕ್ಕೆ ದಾಟಿಸಿದ ಕಬೂತರ್‌ಬಾಜಿ ಪ್ರಕರಣಗಳಿಂದಾಗಿ, ಪ್ರಾಮಾಣಿಕ ತಂಡವನ್ನೂ ಅನುಮಾನದಿಂದ ನೋಡುವಂತಾಗಿದೆ.

(ಅ) ತಂಡದ ಪಟ್ಟಿಯಲ್ಲಿ ಹಾಡದ, ನುಡಿಸದ, ಕಲಿಸದ ಒಂದು ಹೆಸರೂ ಇರಕೂಡದು.
(ಆ) ಪ್ರವಾಸಿ ವೀಸಾದಲ್ಲಿ ಕಳಿಸಿ ಸಂಭಾವನೆಯ ಕಛೇರಿ ಮಾಡಿಸಬಾರದು. ಅಮೆರಿಕದಲ್ಲಿ ಸಾಂಪ್ರದಾಯಿಕ ಕಲೆಯ ತಂಡಗಳಿಗೆಂದೇ ಪಿ-3 ವೀಸಾ ಇದ್ದು, ಅದರ ಅರ್ಜಿ ಅಲ್ಲಿನ ಪ್ರಾಯೋಜಕರಿಂದ ಮೊದಲು ಹೋಗಬೇಕು. ಯಾವ ವರ್ಗದ ವೀಸಾ, ಏಕೆ ಎಂಬುದನ್ನು ವಿದ್ಯಾರ್ಥಿಗೂ ತಿಳಿಸಬೇಕು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳುವುದು ಅವರನ್ನೇ.
(ಇ) 2024ರ ಜೂನ್ 11ರಿಂದ ವಯಸ್ಕರ ಶೆಂಗೆನ್ ವೀಸಾ ಶುಲ್ಕ 90 ಯೂರೊ. ಆದರೆ ಲಾಭರಹಿತ ಸಂಸ್ಥೆಗಳು ನಡೆಸುವ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಲಾಭರಹಿತ ಸಂಸ್ಥೆಯ ಪ್ರತಿನಿಧಿಗಳಾಗಿ ಹೋಗುವ, 25 ದಾಟದವರಿಗೆ ಈ ಶುಲ್ಕದಿಂದ ವಿನಾಯಿತಿ ಇದೆ. ಅರ್ಹರಿದ್ದೂ ಈ ವಿನಾಯಿತಿಯನ್ನು ಕೇಳದೆ ಬಿಡಬಾರದು.
(ಈ) ಸರ್ಕಾರಿ ಕಾಲೇಜಿನ ಗುರುಗಳು ವಿದೇಶಿ ಆತಿಥ್ಯದಲ್ಲಿ ಹೋಗುವುದಾದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010ರ 6ನೇ ಕಲಮಿನಂತೆ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಇಲಾಖೆಯ ಕಡತ ಮೇಜಿನಿಂದ ಮೇಜಿಗೆ ಅಲೆದು, ಕಡೆಗೆ ಮಕ್ಕಳು ಗುರುವಿಲ್ಲದೆ ಹೊರಡುವಂತಾಗಬಾರದು. ಇಲಾಖೆಯ ಹಂತಕ್ಕೆ 30 ದಿನಗಳ ಗಡುವು ನಿಗದಿಯಾಗಬೇಕು.

6. ವಾದ್ಯವನ್ನು ಲಗೇಜೆಂದು ಕಾಣಬೇಡಿ

ಯೋಜನೆಯಲ್ಲಿ ಅತಿ ಹೆಚ್ಚು ಮರೆತುಹೋಗುವುದು ವಾದ್ಯವೇ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಚಳಿಗೆ ಮೇಣ ಬಿರುಕು ಬಿಟ್ಟರೆ ಕಛೇರಿಯ ಹಿಂದಿನ ರಾತ್ರಿ ಮೇಳ ಕಟ್ಟಿಕೊಡುವವರು ಅಲ್ಲಿ ಸಿಗುವುದಿಲ್ಲ. ಒಣ ಹವೆಗೆ ಮೃದಂಗದ ಮುಚ್ಚಿಗೆ ಬಿಗಿದು ಶ್ರುತಿ ಏರುತ್ತದೆ. ಘಟ ಒಡೆದರೆ ಅದಕ್ಕೆ ತೇಪೆಯಿಲ್ಲ.

(ಅ) ವೀಣೆ, ತಂಬೂರಿಗಳಿಗೆ ಗಟ್ಟಿ ಪೆಟ್ಟಿಗೆಯನ್ನು ಸಂಸ್ಥೆಯೇ ಒದಗಿಸಬೇಕು. ವಿಮಾನ ಸಂಸ್ಥೆ ಒಪ್ಪಿದರೆ ವೀಣೆಗೆ ಪ್ರತ್ಯೇಕ ಸೀಟು ಕಾದಿರಿಸಬೇಕು. ಘಟದಂಥವನ್ನು ಅಲ್ಲಿನ ಕಲಾವಿದರಿಂದ ಎರವಲು ಪಡೆಯಲು ಮೊದಲೇ ಮಾತಾಡಬೇಕು.
(ಆ) ಬೀಟೆ ಮರ ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿದೆ. 2017ರಲ್ಲಿ ಅದರ ಕುಲದ ಮರಗಳೆಲ್ಲವೂ ನಿಯಂತ್ರಣಕ್ಕೆ ಬಂದಾಗ ವಾದ್ಯಗಾರರಿಗೆ ತೊಂದರೆಯಾಯಿತು. 2019ರ ತಿದ್ದುಪಡಿ ತಯಾರಾದ ವಾದ್ಯಗಳನ್ನು ಆ ನಿಯಂತ್ರಣದಿಂದ ಬಿಟ್ಟಿತು. ದಂತ ಅಥವಾ ಜಿಂಕೆ ಕೊಂಬಿನ ಕುಸುರಿಯಿರುವ ಹಳೆಯ ವೀಣೆಗೆ ಈ ರಿಯಾಯಿತಿ ಇಲ್ಲ. ಅಂಥ ವಾದ್ಯ ಮನೆಯಲ್ಲೇ ಇರಲಿ. ಪ್ರತಿ ವಾದ್ಯ ಯಾವುದರಿಂದ ಮಾಡಿದ್ದೆಂಬ ಪಟ್ಟಿ ತಂಡದ ಬಳಿ ಇರಬೇಕು.
(ಇ) ಆಸ್ಟ್ರೇಲಿಯಾದಲ್ಲಿ ಮರ ಮತ್ತು ಚರ್ಮದ ವಾದ್ಯಗಳನ್ನು ಇಳಿದ ಕೂಡಲೇ ಘೋಷಿಸಬೇಕು. ಡೊಳ್ಳು, ತಬಲ, ಮೃದಂಗದ ಚರ್ಮದಲ್ಲಿ ರೋಮ, ಹುಳು ಇರಬಾರದೆಂಬುದನ್ನು ಹೊರಡುವ ಮುನ್ನವೇ ನೋಡಿಕೊಳ್ಳಬೇಕು.
(ಈ) ದುಬಾರಿ ವಾದ್ಯಗಳಿಗೆ ಇಲ್ಲಿಂದ ಹೊರಡುವಾಗಲೇ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಮಾಡಿಸಬೇಕು. ಇಲ್ಲದಿದ್ದರೆ ಮರಳುವಾಗ ನಮ್ಮ ವಾದ್ಯ ನಮ್ಮದೇ ಎಂದು ಸಾಬೀತು ಮಾಡಬೇಕಾಗುತ್ತದೆ.
(ಉ) ಮಾಂಟ್ರಿಯಲ್ ಒಪ್ಪಂದದಂತೆ ಲಗೇಜಿನ ನಷ್ಟಕ್ಕೆ ವಿಮಾನ ಸಂಸ್ಥೆಯ ಹೊಣೆ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್‌ಗೆ ಸೀಮಿತ. ಇದು ಐಎಂಎಫ್‌ನ ಲೆಕ್ಕದ ಘಟಕ. ಹೆಚ್ಚಿನ ಬೆಲೆಯ ವಾದ್ಯಕ್ಕೆ ಚೆಕ್-ಇನ್ ವೇಳೆ ವಿಶೇಷ ಘೋಷಣೆ ಅಥವಾ ಪ್ರತ್ಯೇಕ ವಿಮೆ ಕಡ್ಡಾಯವಾಗಬೇಕು. ಹಾನಿಯ ದೂರನ್ನು ಏಳು ದಿನದೊಳಗೆ ಲಿಖಿತವಾಗಿ ಕೊಡುವ ಹೊಣೆ ತಂಡದ ವ್ಯವಸ್ಥಾಪಕರದು.
(ಊ) ಅಮೆರಿಕದಲ್ಲಿ ವಿದ್ಯುತ್ತು 120 ವೋಲ್ಟ್. ಶ್ರುತಿ ಪೆಟ್ಟಿಗೆ, ಕೀಬೋರ್ಡುಗಳಿಗೆ ತಕ್ಕ ಅಡಾಪ್ಟರು, ಪರಿವರ್ತಕಗಳು ಪಟ್ಟಿಯಲ್ಲಿರಲಿ.

7. ಹಾಡಿದ್ದಕ್ಕೆ ಹಾಜರಾತಿ ಕಳೆಯಬೇಡಿ

ಯೂರೋಪಿನ ಬೇಸಿಗೆ ಉತ್ಸವಗಳು ಜೂನ್‌ನಿಂದ ಆಗಸ್ಟ್‌ವರೆಗೆ. ಅದೇ ಹೊತ್ತಿಗೆ ನಮ್ಮಲ್ಲಿ ತರಗತಿ ಇಲ್ಲವೇ ಸೆಮಿಸ್ಟರ್ ಪರೀಕ್ಷೆ. ಪ್ರವಾಸದ ದಿನಗಳನ್ನು ಹಾಜರಾತಿಗೆ ಸೇರಿಸಬೇಕು, ತಪ್ಪಿದ ಆಂತರಿಕ ಪರೀಕ್ಷೆಯನ್ನು ಮರಳಿದ ಮೇಲೆ ನಡೆಸಬೇಕು. ಈ ಆದೇಶ ಪ್ರಾಂಶುಪಾಲರ ಬಾಯಿಮಾತಿನಲ್ಲಿ ಉಳಿಯದೆ ಕುಲಸಚಿವರ ಸುತ್ತೋಲೆಯಾಗಿ ಬರಬೇಕು.

8. ರಕ್ಷಣೆ, ವಸತಿ, ಊಟ

(ಅ) ಹತ್ತು ವಿದ್ಯಾರ್ಥಿಗಳಿಗೆ ಒಬ್ಬರು ಹೊಣೆಗಾರ ಹಿರಿಯರು, ವಿದ್ಯಾರ್ಥಿನಿಯರಿದ್ದರೆ ಮಹಿಳೆಯೊಬ್ಬರು ಕಡ್ಡಾಯ. ಲೈಂಗಿಕ ಕಿರುಕುಳದ ದೂರು ಕೇಳುವ ಕಾಲೇಜಿನ ಆಂತರಿಕ ಸಮಿತಿಯ ದೂರವಾಣಿ ಸಂಖ್ಯೆ ಪ್ರವಾಸದುದ್ದಕ್ಕೂ ಚಾಲ್ತಿಯಲ್ಲಿರಬೇಕು.
(ಆ) ಮನೆಗಳಲ್ಲಿ ವಸತಿಯಾದರೆ ಯಾವ ವಿದ್ಯಾರ್ಥಿಯನ್ನೂ ಒಂಟಿಯಾಗಿ ಇರಿಸಬಾರದು. ಮನೆಯವರ ವಿವರ ಪೋಷಕರಿಗೆ ಮೊದಲೇ ತಲುಪಬೇಕು.
(ಇ) ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ರಕ್ಷಣೆಯ ವೈದ್ಯಕೀಯ ವಿಮೆ ಕಡ್ಡಾಯ. ಬೇರೆ ದೇಶಗಳಿಗೆ ಹೋಗುವಾಗಲೂ ಅದಕ್ಕಿಂತ ಕಡಿಮೆ ಬೇಡ.
(ಈ) ಪಾಸ್‌ಪೋರ್ಟನ್ನು ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಯಾರೂ ಇಟ್ಟುಕೊಳ್ಳಬಾರದು.
(ಉ) ಊಟದ ಪಂಕ್ತಿಯಲ್ಲಾಗಲಿ ಕೋಣೆ ಹಂಚಿಕೆಯಲ್ಲಾಗಲಿ ಜಾತಿಯ ಲೆಕ್ಕ ನುಸುಳಬಾರದು.

9. ಬಿಟ್ಟಿ ಪ್ರವಾಸಿಗರು ಬೇಡ

ಆಡಳಿತ ಮಂಡಳಿಯ ಸದಸ್ಯರು, ಅವರ ಕುಟುಂಬದವರು, ‘ಮಾರ್ಗದರ್ಶಕರು’ ಬರಬೇಕೆಂದರೆ ಸ್ವಂತ ಹಣದಲ್ಲಿ, ಪ್ರವಾಸಿಗರಾಗಿಯೇ ಬರಲಿ. ತಂಡದ ಖರ್ಚಿನಲ್ಲಿ ಅವರ ಪಾಲು ಒಂದು ರೂಪಾಯಿಯೂ ಇರಬಾರದು.

10. ಗಂಟಲಿಗೆ ಬಿಡುವು, ಹಾಡಿಗೆ ಗೌರವ

(ಅ) ದೂರದ ವಿಮಾನ ಇಳಿದ ದಿನ ಕಾರ್ಯಕ್ರಮ ಇಡಬಾರದು. ದಿನಕ್ಕೊಂದೇ ಕಛೇರಿ, ಅದಕ್ಕೆ ಮುನ್ನ ಧ್ವನಿ ಪರೀಕ್ಷೆಗೆ ಸಮಯ.
(ಆ) ಏನು ಹಾಡಬೇಕೆಂಬುದನ್ನು ಗುರು ಮತ್ತು ವಿದ್ಯಾರ್ಥಿಗಳು ನಿರ್ಧರಿಸಲಿ. ಪ್ರಾಯೋಜಕರ ಮಾತಿಗೆ ಕಡೆಯ ಗಳಿಗೆಯಲ್ಲಿ ಸಿನಿಮಾ ಹಾಡು ತುರುಕುವುದು ಬೇಡ.
(ಇ) ಅಲ್ಲಿನ ಒಂದು ಸಂಗೀತ ಶಾಲೆಯ ವಿದ್ಯಾರ್ಥಿಗಳೊಡನೆ ಅರ್ಧ ದಿನ ಕೂತು ಹಾಡುವ ಅವಕಾಶ ಪ್ರತಿ ಪ್ರವಾಸದಲ್ಲೂ ಇರಬೇಕು.
(ಈ) ಕಛೇರಿಯ ಧ್ವನಿ, ದೃಶ್ಯಗಳನ್ನು ವಿದ್ಯಾರ್ಥಿಗಳ ಲಿಖಿತ ಒಪ್ಪಿಗೆ ಇಲ್ಲದೆ ಮಾರಬಾರದು, ಪ್ರವೇಶಾತಿಯ ಜಾಹೀರಾತಿಗೂ ಬಳಸಬಾರದು.

11. ಮರಳಿದ ಮೇಲೆ ಲೆಕ್ಕ

ಪ್ರವಾಸ ಮುಗಿದ 45 ದಿನದೊಳಗೆ ಜಮಾ-ಖರ್ಚಿನ ಪಟ್ಟಿ ರಸೀದಿಗಳೊಡನೆ ಪೋಷಕರ ಸಭೆಯ ಮುಂದೆ ಬರಬೇಕು. ಉಳಿದ ಹಣ ಕಟ್ಟಿದವರಿಗೆ ಹಿಂದಿರುಗಬೇಕು. ಏನು ಕೆಟ್ಟಿತು, ಯಾವ ಆತಿಥೇಯರು ಒಳ್ಳೆಯವರು ಎಂಬ ವರದಿಯನ್ನು ಮುಂದಿನ ತಂಡಕ್ಕೆ ಒಪ್ಪಿಸಬೇಕು.

ನಮ್ಮ ಹೊಣೆ

ಹಕ್ಕು ಕೇಳುವ ನಾವು ಹೊಣೆಯನ್ನೂ ಹೊರುತ್ತೇವೆ. ಅಭ್ಯಾಸ ತಪ್ಪಿಸುವುದಿಲ್ಲ, ದಾಖಲೆಗಳನ್ನು ಗಡುವಿನೊಳಗೆ ಕೊಡುತ್ತೇವೆ. ವೀಸಾದ ಷರತ್ತು ಮೀರಿ ಯಾರೂ ಅಲ್ಲಿ ಉಳಿಯುವುದಿಲ್ಲ. ಕಾರಣವಿಲ್ಲದೆ ಕೊನೆಯಲ್ಲಿ ಹಿಂದೆ ಸರಿದವರು ಅದರ ನಷ್ಟ ತುಂಬುತ್ತಾರೆ.

ಈ ಹಕ್ಕೊತ್ತಾಯಗಳಲ್ಲಿ ಹೆಚ್ಚಿನವಕ್ಕೆ ಹೊಸ ಹಣವಾಗಲಿ ಹೊಸ ಕಾನೂನಾಗಲಿ ಬೇಕಿಲ್ಲ. ಇರುವುದನ್ನು ಬರೆದು, ಸಕಾಲಕ್ಕೆ ತೋರಿಸಿದರೆ ಸಾಕು. ಪತ್ರ ತಲುಪಿದ 30 ದಿನದೊಳಗೆ ಪ್ರತಿ ಅಂಶಕ್ಕೂ ಲಿಖಿತ ಉತ್ತರ ಕೊಡಬೇಕೆಂದೂ ವಿದ್ಯಾರ್ಥಿ ಮತ್ತು ಪೋಷಕರ ಪ್ರತಿನಿಧಿಗಳಿರುವ ಪ್ರವಾಸ ಸಮಿತಿ ರಚಿಸಬೇಕೆಂದೂ ಒತ್ತಾಯಿಸುತ್ತೇವೆ. ಮೊದಲ, ಮೂರನೆಯ, ನಾಲ್ಕನೆಯ ಮತ್ತು ಎಂಟನೆಯ ಅಂಶಗಳು ಬರಹದಲ್ಲಿ ಒಪ್ಪಿತವಾಗುವವರೆಗೆ ಪೋಷಕರು ಸಮ್ಮತಿ ಪತ್ರಕ್ಕೆ ಸಹಿ ಹಾಕುವುದಿಲ್ಲ, ಮೊದಲ ಕಂತನ್ನೂ ಕಟ್ಟುವುದಿಲ್ಲ. ಅಭ್ಯಾಸ ಮಾತ್ರ ಎಂದಿನಂತೆ ನಡೆಯುತ್ತದೆ.

ಇಂತಿ,
ಕಾಲೇಜು ಸಂಗೀತ ಮತ್ತು ಜನಪದ ತಂಡಗಳ ವಿದ್ಯಾರ್ಥಿಗಳು, ಪೋಷಕರು ಹಾಗೂ ಗುರುಗಳು