ಐವತ್ತು ರೂಪಾಯಿ ಬೆಲೆಯ ನೋವು

ಕುರಿಗಳ ಕಾಲು ಕಟ್ಟಿ, ಒಂದರ ಮೇಲೊಂದು ಹೇರಿ, ನೀರು ನೆರಳಿಲ್ಲದೆ ಚಿಂತಾಮಣಿಯಿಂದ ಬೆಂಗಳೂರಿಗೆ ಸಾಗಿಸುವವನಿಗೆ ಈ ದೇಶದ ಕಾನೂನು ವಿಧಿಸುವ ದಂಡವೆಷ್ಟು? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಮೊದಲ ಅಪರಾಧಕ್ಕೆ ಕನಿಷ್ಠ 10, ಗರಿಷ್ಠ 50 ರೂಪಾಯಿ. ಅಂದು ಆ ಹಣಕ್ಕೆ ತೂಕವಿತ್ತು. ಇಂದು ಸಾಗಣೆಯ ಖರ್ಚಿನಲ್ಲಿ ಅದು ಲೆಕ್ಕಕ್ಕೆ ಬಾರದ ಚಿಲ್ಲರೆ.

ಇದರ ಪಕ್ಕದಲ್ಲಿ ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಹಾಗೂ ಸಂರಕ್ಷಣಾ ಕಾಯ್ದೆಯನ್ನು ಇಟ್ಟು ನೋಡಬೇಕು. ಹಸುವನ್ನು ಕೊಂದರೆ 3ರಿಂದ 7 ವರ್ಷಗಳ ಸೆರೆಗೂ 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡಕ್ಕೂ ಅಲ್ಲಿ ಅವಕಾಶವಿದೆ. ಅದೇ ಹಸುವನ್ನು ಮೇವಿಲ್ಲದೆ ಕಟ್ಟಿಹಾಕಿ ನರಳಿಸಿದರೆ ಮತ್ತದೇ 50 ರೂಪಾಯಿ! ಜಾತಿ ನೋಡಿ ಕನಿಕರಿಸುವ ಕಾನೂನಿಗೆ ನೋವು ಕಾಣುವುದಿಲ್ಲ.

1960ರ ಕಾಯ್ದೆ ನಿಷೇಧಿಸುವುದು 'ಅನಗತ್ಯ' ನೋವನ್ನು ಮಾತ್ರ. ಅಗತ್ಯ ಯಾವುದೆಂದು ನಿರ್ಧರಿಸುವವನು ಬಹುಪಾಲು ಲಾಭ ಪಡೆಯುವವನೇ. ಆದ್ದರಿಂದಲೇ, ಪ್ರಾಣಿಯು ನೋವು, ಭಯ, ನೆಮ್ಮದಿಗಳನ್ನು ಅನುಭವಿಸಬಲ್ಲ ಸಂವೇದನಾಶೀಲ ಜೀವಿ ಎಂಬ ಮಾತು ಕಾಯ್ದೆಯ ಬುಡದಲ್ಲೇ ಇರಬೇಕು. ಗೌರಿಬಿದನೂರಿನ ಹೈನುಗಾರ್ತಿಗೆ ಇದು ಹೊಸ ಪಾಠವಲ್ಲ. ಬೆದರಿದ ಹಸು ಹಾಲು ಬಿಡುವುದಿಲ್ಲವೆಂದು ಆಕೆ ಬಲ್ಲಳು. ಭಯದಿಂದ ಸ್ರವಿಸುವ ಅಡ್ರಿನಲಿನ್, ಹಾಲಿಳಿಸುವ ಆಕ್ಸಿಟೋಸಿನ್ನಿನ ಕೆಲಸವನ್ನು ತಡೆಯುತ್ತದೆಂದು ವಿಜ್ಞಾನ ಅದನ್ನೇ ಹೇಳಿದೆ.

ಇದು ಪಟ್ಟಣಿಗರ ಶೋಕಿ, ನಾಳೆ ಶಿಡ್ಲಘಟ್ಟದ ರೇಷ್ಮೆಗೂಡಿಗೂ ಕುತ್ತು ಎಂಬ ಆಕ್ಷೇಪ ಕೇಳಿಬರುವುದು ಸಹಜ. ಆದರೆ ಮಾನ್ಯತೆಯೆಂದರೆ ನಿಷೇಧವಲ್ಲ. ಬ್ರಿಟನ್ನಿನ 2022ರ ಸಂವೇದನಾ ಕಾಯ್ದೆಯು ಕಶೇರುಕಗಳನ್ನೂ ಆಕ್ಟೋಪಸ್, ಏಡಿಗಳಂಥ ಜೀವಿಗಳನ್ನೂ ಒಳಗೊಂಡಿದೆ, ಕೀಟಗಳನ್ನು ಸೇರಿಸಿಲ್ಲ. ಅಲ್ಲಿ ಪಶುಪಾಲನೆ ನಿಂತಿಲ್ಲ. ಸರ್ಕಾರ ನೀತಿ ರೂಪಿಸುವಾಗ ಪ್ರಾಣಿಯ ಅನುಭವವನ್ನೂ ಲೆಕ್ಕಕ್ಕೆ ಹಿಡಿದಿದೆಯೇ ಎಂದು ಪರಿಶೀಲಿಸುವ ಸಮಿತಿಯೊಂದು ಬಂದಿದೆ, ಅಷ್ಟೆ.

ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರ ನಾಗರಾಜ ಪ್ರಕರಣದಲ್ಲಿ ಪ್ರಾಣಿಗಳ ಘನತೆಯನ್ನು ಎತ್ತಿಹಿಡಿಯಿತು. 2023ರ ಮೇ 18ರಂದು ಸಂವಿಧಾನ ಪೀಠವು ಜಲ್ಲಿಕಟ್ಟು, ಕಂಬಳಗಳಿಗೆ ಅವಕಾಶವಿತ್ತ ತಿದ್ದುಪಡಿಗಳನ್ನು ಒಪ್ಪಿ, ಪ್ರಾಣಿಗಳಿಗೆ ಮೂಲಭೂತ ಹಕ್ಕು ನೀಡಲು ನಿರಾಕರಿಸಿತು. ಅಲ್ಲಿಗೆ ಹೊಣೆ ಸಂಸತ್ತಿನದು.

ಸಂತೆಯಲ್ಲಿ ನೀರಿನ ತೊಟ್ಟಿ, ವಾಹನಕ್ಕೆ ಹತ್ತಿಸಲು ಇಳಿಜಾರು ಕಟ್ಟೆ, ಕರೆದಾಗ ಬರುವ ಪಶುವೈದ್ಯ: ಇವುಗಳ ಭಾರ ರೈತನದಲ್ಲ, ಸರ್ಕಾರದ್ದು. ಮಾನ್ಯತೆ ದೊರೆತರೆ ಇವು ಬೇಡಿಕೆಯಾಗಿ ಉಳಿಯುವುದಿಲ್ಲ, ಹಕ್ಕೊತ್ತಾಯವಾಗುತ್ತವೆ. ಚಿಕ್ಕಬಳ್ಳಾಪುರದ ಗ್ರಾಮಸಭೆಗಳು ಈ ನಿರ್ಣಯ ಬರೆದು ತಮ್ಮ ಸಂಸದರಿಗೆ ಕಳಿಸಲಿ. ಮೂಕಪ್ರಾಣಿಯ ಪರವಾಗಿ ಮೊದಲು ಮಾತಾಡಬೇಕಾದವರು ಅದರೊಡನೆ ಬದುಕುವವರೇ.