ಬಿಸಿಲನ್ನೇಕೆ ದೂರುವುದು?

ಬೇಸಗೆ ಬಂತೆಂದರೆ ಮೋಟಾರು ಸೈಕಲಿನ ಸವಾರರು ಬಿಸಿಲನ್ನು ಶಪಿಸುವುದು ರೂಢಿಯಾಗಿದೆ. ಎಂಜಿನು ಕಾದು ಕಾಲಿಗೆ ಝಳ ಹೊಡೆದರೂ, ವಾಹನದ ಎಳೆತ ಕುಗ್ಗಿದರೂ, "ಏನು ಮಾಡುವುದು, ಬಿಸಿಲು!" ಎಂದು ಸುಮ್ಮನಾಗುತ್ತಾರೆ. ಈ ದೂರು ಬಹುಮಟ್ಟಿಗೆ ನ್ಯಾಯವಾದುದಲ್ಲವೆಂದು ನಮ್ಮ ಅಭಿಪ್ರಾಯ. ಎಂಜಿನಿಗೆ ಬಿಸಿಲಿಗಿಂತಲೂ ದೊಡ್ಡ ಶತ್ರು ನಿಂತ ಗಾಳಿ. ಅದನ್ನು ಗೆಲ್ಲುವ ಉಪಾಯವಾದರೋ ಸವಾರನ ಕೈಯಲ್ಲಿಯೇ ಇದೆ.

ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯನ್ನು ನೆನೆಯೋಣ. ಹೆಸರಿನಲ್ಲಿಯೇ ಅಂಬುಧಿಯನ್ನು ಹೊತ್ತ, ಕೆರೆಯೂ ಬೆಟ್ಟವೂ ಉಳ್ಳ ಊರು ಅದು. ಇಂಥ ಊರುಗಳಲ್ಲಿ ಒಂದು ಮೋಟಾರು ಸೈಕಲು ಒಂದು ಸಂಸಾರದ ಹೊರೆಯನ್ನೇ ಹೊರುತ್ತದೆ: ಬೆಳಗ್ಗೆ ಡೇರಿಗೆ ಹಾಲು, ಆಮೇಲೆ ಶಾಲೆಗೆ ಮಕ್ಕಳು, ಸುಗ್ಗಿಯಲ್ಲಿ ಈರುಳ್ಳಿಯ ಚೀಲ. ತೆರವಾದ ರಸ್ತೆಯಲ್ಲಿ ಅಜ್ಜಂಪುರದ ಕಡೆಗೆ ಓಡುವಾಗ ಅದು ಕಡುಬೇಸಗೆಯಲ್ಲಿಯೂ ತಕರಾರು ಮಾಡುವುದಿಲ್ಲ. ಅದೇ ವಾಹನವನ್ನು ಮನೆಯ ಹುಡುಗನು ಓದಿಗೆಂದೋ ಕೆಲಸಕ್ಕೆಂದೋ ಬೆಂಗಳೂರಿಗೆ ಒಯ್ದು, ಸಿಲ್ಕ್ ಬೋರ್ಡ್ ವೃತ್ತದ ಸಾಲಿನಲ್ಲಿ ನಿಲ್ಲಿಸಿದನೆಂದರೆ ಕುದಿಯತೊಡಗುತ್ತದೆ. ಬೆಂಗಳೂರಿನ ಬಿಸಿಲೇನೂ ಅಜ್ಜಂಪುರದ ಬಿಸಿಲಿಗಿಂತ ಉಗ್ರವಾದುದಲ್ಲ. ಹಾಗಾದರೆ ಬದಲಾದುದೇನು?

ಪೆಟ್ರೋಲು ಉರಿದಾಗ ಹೊರಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರವನ್ನು ತಿರುಗಿಸಲು ಒದಗುತ್ತದೆ. ಉಳಿದುದೆಲ್ಲ ಶಾಖ. ಅದರಲ್ಲಿ ಒಂದು ಪಾಲು ಹೊಗೆಯೊಡನೆ ಸೈಲೆನ್ಸರಿನಿಂದ ಹೊರಬೀಳುತ್ತದೆ. ಇನ್ನೊಂದು ಪಾಲು ಸಿಲಿಂಡರಿನ ಗೋಡೆಯನ್ನೂ ಎಣ್ಣೆಯನ್ನೂ ಕಾಯಿಸುತ್ತದೆ. ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ; ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಯಲ್ಲಿಯೇ ಕರಗುತ್ತದೆ. ಶಾಖವನ್ನು ಎಡೆಬಿಡದೆ ಹೊರಗೆ ಸಾಗಿಸುತ್ತಿರುವುದರಿಂದಲೇ ಪಿಸ್ಟನ್ನು ಉಳಿದಿರುತ್ತದೆ. ಗಾಳಿಯಿಂದ ತಣಿಯುವ ಎಂಜಿನುಗಳಲ್ಲಿ ಈ ಸಾಗಣೆಯ ಕೆಲಸ ಸಿಲಿಂಡರಿನ ಸುತ್ತ ಸಾಲಾಗಿರುವ ತೆಳು ಲೋಹದ ಪಟ್ಟೆಗಳದು. ಮೆಕ್ಯಾನಿಕರು ಇವುಗಳನ್ನೇ ಫಿನ್ ಎನ್ನುತ್ತಾರೆ.

ಬಿಸಿಯಾದ ವಸ್ತು ಶಾಖವನ್ನು ಬಿಡುವ ವೇಗವು ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅನುಸರಿಸುತ್ತದೆಂಬ ನ್ಯೂಟನ್ನನ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಪಟ್ಟೆಯ ಉಷ್ಣತೆ 150 ಡಿಗ್ರಿ ಎಂದಿಟ್ಟುಕೊಳ್ಳೋಣ. ಗಾಳಿ 25 ಡಿಗ್ರಿಯಿದ್ದಾಗ ಅಂತರ 125. ಗಾಳಿ 40 ಡಿಗ್ರಿಗೆ ಏರಿದಾಗ ಅಂತರ 110. ಎಂದರೆ ಕಡುಬೇಸಗೆಯು ಕಸಿದುಕೊಂಡದ್ದು ನೂರಕ್ಕೆ 12 ಪಾಲು ಮಾತ್ರ. ಆದರೆ ವಾಹನ ನಿಂತಿತೆಂದರೆ ಕಥೆಯೇ ಬೇರೆ. ಓಡುವಾಗ ಎದುರಾಗಿ ಬೀಸುತ್ತಿದ್ದ ಗಾಳಿ ಒಯ್ಯುತ್ತಿದ್ದ ಶಾಖದಲ್ಲಿ ಸಣ್ಣದೊಂದು ಪಾಲನ್ನಷ್ಟೇ ನಿಂತ ಗಾಳಿ ಒಯ್ಯಬಲ್ಲುದು.

ಅತ್ತ ಶಾಖದ ಉತ್ಪತ್ತಿ ಮಾತ್ರ ನಿಲ್ಲುವುದಿಲ್ಲ. ನಿಂತಲ್ಲಿಯೇ ಗುರುಗುಟ್ಟುವ ಎಂಜಿನು ಗಂಟೆಗೆ 200 ಮಿಲಿಲೀಟರು ಪೆಟ್ರೋಲನ್ನು ಉರಿಸುತ್ತದೆಂದು ಎಣಿಸೋಣ. ಒಂದು ಲೀಟರಿನಲ್ಲಿ ಸುಮಾರು 3 ಕೋಟಿ 20 ಲಕ್ಷ ಜೌಲ್ ಶಕ್ತಿಯಿದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1800 ಜೌಲ್, ಅಂದರೆ 1800 ವಾಟ್ ಆಗುತ್ತದೆ. ಸಿಗ್ನಲಿನಲ್ಲಿ ನಿಂತ ಪ್ರತಿಯೊಬ್ಬ ಸವಾರನೂ ತನ್ನ ಎರಡು ಕಾಲುಗಳ ನಡುವೆ ಎರಡು ಇಸ್ತ್ರಿಪೆಟ್ಟಿಗೆಗಳಷ್ಟು ಶಾಖವನ್ನು ಹುಟ್ಟಿಸುತ್ತಿರುತ್ತಾನೆ. ಅದರಿಂದ ಒಂದು ಮೊಳದಷ್ಟು ದೂರವನ್ನೂ ಸಾಗುವುದಿಲ್ಲ!

ಇದು ಬರಿಯ ಸೆಕೆಯ ಮಾತಲ್ಲ. ಅತಿಯಾಗಿ ಕಾದ ಎಣ್ಣೆ ತೆಳುವಾಗುತ್ತದೆ; ಹಿಗ್ಗಿದ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಓಡುತ್ತಿರುವಾಗ ಹೀಗಾದರೆ ಹಿಂದಿನ ಚಕ್ರ ಥಟ್ಟನೆ ಬಿಗಿದು ಸವಾರನು ಉರುಳುತ್ತಾನೆ. ಅಷ್ಟಾಗದಿದ್ದರೂ, ಎಂಜಿನಿನ ದುರಸ್ತಿಯ ಖರ್ಚು ರೈತನ ಸಂಸಾರಕ್ಕೆ ಸಣ್ಣ ಪೆಟ್ಟಲ್ಲ. ಕಾದ ಸೈಲೆನ್ಸರಿಗೆ ತಾಕಿ ಮೀನಖಂಡ ಸುಟ್ಟುಕೊಂಡ ಮಕ್ಕಳನ್ನು ಕಾಣದ ಊರೂ ಇರಲಾರದು.

ಆದುದರಿಂದ ನಮ್ಮ ಸಲಹೆ ಸರಳವಾದುದು. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಕಾಗಿ ಬಂದರೆ ಎಂಜಿನನ್ನು ಆರಿಸಿರಿ. ಆರಿಸಿದೊಡನೆ ಅದು ತಣ್ಣಗಾಗದು. ಒಳಗಿನ ಬಿಸಿ ಹೊರಕ್ಕೆ ಬರುವಾಗ ಹೊರಮೈ ಕೆಲವು ಕ್ಷಣ ಇನ್ನಷ್ಟು ಕಾಯುವುದೂ ಉಂಟು. ಆದರೆ ಹೊಸ ಶಾಖ ಹುಟ್ಟುವುದಿಲ್ಲ. ಮತ್ತೆ ಮತ್ತೆ ಚಾಲನೆ ಮಾಡಿದರೆ ಬ್ಯಾಟರಿ ಸವೆಯದೇ ಎಂದು ಕೇಳುವವರುಂಟು. ಕೊಂಚ ಸವೆಯಬಹುದು, ಆದರೆ ಬ್ಯಾಟರಿಯನ್ನು ಬದಲಿಸುವುದು ಪಿಸ್ಟನ್ನನ್ನು ಬದಲಿಸುವುದಕ್ಕಿಂತ ಸುಲಭವಲ್ಲವೆ? ಕ್ಲಚ್ಚನ್ನು ಅರ್ಧ ಹಿಡಿದು ತೆವಳುವುದನ್ನು ಬಿಡಬೇಕು. ಆ ಉಜ್ಜಾಟವೂ ಶಾಖವೇ. ಹೊಲದ ಕೆಸರು ಪಟ್ಟೆಗಳ ನಡುವೆ ಒಣಗಿ ಕೂತರೆ ಗಾಳಿಗೆ ದಾರಿಯಿಲ್ಲ. ಎಂಜಿನು ತಣಿದ ಮೇಲೆ ತೊಳೆಯಬೇಕು. ಕಾದಿರುವಾಗ ನೀರೆರಚಿದರೆ ಲೋಹ ಒಂದೆಡೆ ಕುಗ್ಗಿ ಬಿರುಕು ಬಿಡಬಹುದು. ಒಕ್ಕಣೆಗೆಂದು ರಸ್ತೆಯಲ್ಲಿ ಹರಡಿದ ಹುಲ್ಲಿನ ಮೇಲೆ ಕಾದ ವಾಹನವನ್ನು ನಿಲ್ಲಿಸುವುದು ಬೆಂಕಿಯನ್ನು ಕರೆದಂತೆಯೇ ಸರಿ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಂಥ ಏರಿನಲ್ಲಿ, ರಜೆಯ ದಿನದ ವಾಹನಗಳ ಸಾಲಿನ ಹಿಂದೆ ಹತ್ತುವಾಗ, ದುಡಿಮೆ ಹೆಚ್ಚು, ಗಾಳಿ ಕಡಮೆ. ಅಲ್ಲಿ ನೆರಳು ನೋಡಿ ತಂಗುವುದು ಜಾಣತನ.

ನೀರಿನಿಂದ ತಣಿಸುವ ಎಂಜಿನು ಬಂದಿರುವಾಗ ಈ ಚಿಂತೆ ಏಕೆ ಎನ್ನಬಹುದು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದವು ಗಾಳಿಯಿಂದ ತಣಿಯುವ ಎಂಜಿನುಗಳು. 2018ರಲ್ಲಿ ಜಾವಾ ಎಂಬ ಹೆಸರು ಮರಳಿದಾಗ ಬಂದದ್ದು ದ್ರವದಿಂದ ತಣಿಯುವ ಎಂಜಿನು. ಇದು ಪ್ರಗತಿಯೇ ನಿಜ. ಆದರೆ ಆ ದ್ರವವೂ ಕೊನೆಗೆ ತನ್ನ ಶಾಖವನ್ನು ಗಾಳಿಗೇ ಒಪ್ಪಿಸಬೇಕು. ವಾಹನ ನಿಂತಾಗ ಅದಕ್ಕೆ ಪಂಖದ ನೆರವು ಬೇಕು. ಪ್ರಕೃತಿಯ ನಿಯಮಕ್ಕೆ ವಿನಾಯಿತಿಯೆಂಬುದಿಲ್ಲ.

ಅಜ್ಜಂಪುರವು ಅಮೃತಮಹಲ್ ರಾಸುಗಳ ಸಂವರ್ಧನೆಗೆ ಹೆಸರಾದ ಸ್ಥಳ. ಎತ್ತಿನ ಗಾಡಿಯವನು ಏರು ಹತ್ತಿದ ಮೇಲೆ ನೊಗ ಇಳಿಸಿ ಎತ್ತುಗಳನ್ನು ದಣಿವಾರಿಸಿಕೊಳ್ಳಲು ಬಿಡುತ್ತಿದ್ದನು. ನಿಂತ ಗಾಡಿಯಲ್ಲಿ ಅವನ್ನು ಸುಮ್ಮನೆ ದುಡಿಸುತ್ತಿರಲಿಲ್ಲ. ಯಂತ್ರವು ಬಾಯಿಲ್ಲದ ಎತ್ತಿಗಿಂತಲೂ ಮೂಕವಾದುದು. ಶಾಖದ ಪಾಠವನ್ನು ಪರೀಕ್ಷೆಗೆಂದು ಓದುವ ನಮ್ಮ ವಿದ್ಯಾರ್ಥಿಗಳು ಮೇಲಿನ ಲೆಕ್ಕವನ್ನು ಒಮ್ಮೆ ತಾವೇ ಮಾಡಿ, ಮನೆಯ ಹಿರಿಯರಿಗೆ ತೋರಿಸಲಿ.